ಜೂನ್ ಒಂದರ ಹಿರಿಯರು

ಹಾನಗಲ್ಲಿನ ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ಕೂತು ಮದುವೆ ಕಾರ್ಡಿನ ಸಾಫ್ಟ್‌ವೇರ್ ಬರೆಯುವ ಮೈಲಾರಲಿಂಗನಿಗೆ ಯಾರ ಹೆದರಿಕೆಯೂ ಇರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಅವನಿಗೆ ಎಮ್ಮೆಯ ಹೆದರಿಕೆ ಇತ್ತು, ಸಿಡಿಲಿನ ಹೆದರಿಕೆ ಇತ್ತು, ಹೆಂಡತಿಯ ತಮ್ಮನ ಹೆದರಿಕೆ ಇತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಇವೆಲ್ಲವನ್ನೂ ಮೀರಿಸುವ ಇನ್ನೊಂದು ಬಂದು ಸೇರಿಕೊಂಡಿತು. ಅದನ್ನು ಆಫೀಸಿನಲ್ಲಿ ಎಲ್ಲರೂ ‘ಚೆಕ್’ ಎಂದು ಕರೆಯುತ್ತಿದ್ದರು.

ಇಪ್ಪತ್ತು ವರ್ಷ ಅವನು ಅದೇ ಮಹಡಿಯಲ್ಲಿ ಮದುವೆ ಕಾರ್ಡು ಟೈಪ್ ಮಾಡಿಕೊಂಡಿದ್ದವನು. ಆಗ ಅದು ಪ್ರಿಂಟಿಂಗ್ ಪ್ರೆಸ್ಸು. ಪ್ರೆಸ್ಸಿನ ಯಜಮಾನರ ಮಗಳು ನೇತ್ರಾ ಓದು ಮುಗಿಸಿ ಬಂದವಳೇ ಅಚ್ಚಿನ ಯಂತ್ರ ಮಾರಿ, ಜನ ತಮ್ಮ ಫೋನಿನಲ್ಲೇ ಕಾರ್ಡು ಮಾಡಿಕೊಳ್ಳುವ ಸಾಫ್ಟ್‌ವೇರಿನ ವ್ಯಾಪಾರ ಶುರು ಮಾಡಿದಳು. ಹಳೆಯ ಸಾಮಾನಿನಲ್ಲಿ ಯಾರೂ ಕೊಳ್ಳದೆ ಉಳಿದದ್ದು ಎರಡೇ. ಒಂದು ಕಾಗದ ಕತ್ತರಿಸುವ ಯಂತ್ರ, ಇನ್ನೊಂದು ಮೈಲಾರಲಿಂಗ. ಯಂತ್ರವನ್ನು ಮೂಲೆಗೆ ತಳ್ಳಿದರು, ಮೈಲಾರಲಿಂಗನಿಗೆ ಕೋಡು ಬರೆಯಲು ಕಲಿಸಿದರು.

ಕಲಿಸಿದವಳು ಸುಮೇರಾ, ಬಂಕಾಪುರದ ಹುಡುಗಿ, ಅವನ ಅರ್ಧ ವಯಸ್ಸಿನವಳು. ತಾನು ಬರೆದ ಕೋಡನ್ನು ಎಲ್ಲರ ಕೋಡಿನ ಜೊತೆ ಸೇರಿಸುವುದಕ್ಕೆ ಅವರ ಭಾಷೆಯಲ್ಲಿ ಕಮಿಟ್ ಎನ್ನುತ್ತಾರೆ. ಒಬ್ಬ ಸೇರಿಸಿದ ತಪ್ಪು ಎಲ್ಲರ ತಲೆಯ ಮೇಲೆ ಬರುತ್ತದೆ. ಅದಕ್ಕೇ ಸುಮೇರಾ, ಸೇರಿಸುವ ಮುನ್ನವೇ ತಾನಾಗಿ ಓಡುವ ಒಂದು ತಪಾಸಣೆ ಇಟ್ಟಿದ್ದಳು. ಸಾಲು ಓರೆಯಾಗಿದ್ದರೆ ಅದು ತಡೆಯುತ್ತಿತ್ತು, ಕೆಲಸಕ್ಕೆ ಬಾರದ ಸಾಲು ಉಳಿದಿದ್ದರೆ ತಡೆಯುತ್ತಿತ್ತು, ಲೆಕ್ಕ ತಪ್ಪಿದ್ದರಂತೂ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ಮೈಲಾರಲಿಂಗನ ಮೊದಲ ಕಮಿಟ್ ನಲವತ್ತೊಂದು ಸಲ ಕೆಂಪಾಯಿತು.

“ಯಾಕ್ರಿ ಹಿಂಗ ಮಾಡ್ತೀರಿ? ಏನ್ ತಪ್ಪಾತಂತ ಹೇಳ್ರಲಾ,” ಎಂದು ಅವನು ಪರದೆಯ ಮುಂದೆ ಬಾಗಿ ಬೇಡಿಕೊಂಡ. ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತು ರೂಢಿಯಾದ ದನಿ ಅದು.

“ಅಣ್ಣಾರ, ಅದಕ್ಕ ರೀ ಹಚ್ಚಿ ಮಾತಾಡಿದ್ರೂ ಕೇಳಸಂಗಿಲ್ಲ,” ಎಂದಳು ಸುಮೇರಾ. “ಹನ್ನೆರಡನೇ ಸಾಲಿನ್ಯಾಗ ಎರಡು ಖಾಲಿ ಜಾಗ ಹೆಚ್ಚಿಗಿ ಬಿಟ್ಟೀರಿ. ಅದನ್ನ ತಗೀರಿ.”

“ಎರಡು ಖಾಲಿ ಜಾಗಕ್ಕ ಇಷ್ಟ ಸಿಟ್ಟೇನ? ಇಪ್ಪತ್ತು ವರ್ಷ ನಾ ಮದುಮಗನ ಹೆಸರಿನ ಮುಂದ ನಾಕ್ನಾಕು ಬಿಟ್ಟೇನಿ. ಒಬ್ಬ ಮದುಮಗನೂ ಬಾಯಿ ತಗದಿಲ್ಲ.”

“ಒಂದ ಮಾತು ಹೆಚ್ಚಿಗಿ ಟೈಪ್ ಮಾಡಿದ್ರ ಚೆಕ್ ಬಿಟ್ಟು ದಾಟಿ ಹೋಗಾಕ ಬರ್ತೈತ್ರಿ. ಆದ್ರ ಹಂಗ ಹೋದವರು ಸೀದಾ ಕೆಳಗಿನ ಗಿರಣಿಗೆ ಹಿಟ್ಟ ಬೀಸಾಕ ಹೋಗಬೇಕಂತ ನೇತ್ರಾ ಮೇಡಂ ಹೇಳ್ಯಾರ.”

ಆ ಮಾತು ಯಾವುದೆಂದು ಕೇಳುವ ಧೈರ್ಯವೂ ಅವನಿಗೆ ಬರಲಿಲ್ಲ. ದಿನವೂ ಎದೆ ಹಿಡಿದುಕೊಂಡು ಗುಂಡಿ ಒತ್ತಿದ. ಊಟದ ಡಬ್ಬಿ ತೆರೆಯುವ ಮುನ್ನ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ. ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಮೊದಲನೆಯ ಏಟಿಗೇ ಹಸಿರು ಬಂತು. ಮೈಲಾರಲಿಂಗ ಅದರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡ. ತರಕಾರಿಯವಳಿಗೆ ತೋರಿಸಿದ, ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡೇ ಎಲ್ಲರಿಗೂ ತೋರಿಸಿದ. ಹೆದರಿದವನಿಗೆ ಸಣ್ಣದೊಂದು ಗೆಲುವು ಸಿಕ್ಕರೆ ಆಗುವ ಅನಾಹುತ ದೊಡ್ಡದು, ಅದನ್ನೇ ಈಗ ಹೇಳಹೊರಟಿದ್ದೇನೆ.

ಅದೇ ವಾರ ಅವನ ಮಗಳು ಶೀಲಾಳ ಮದುವೆ ನಿಶ್ಚಯವಾಯಿತು. ಶೀಲಾ ಹಿರೇಕೆರೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಹುಡುಗನೂ ಅಲ್ಲೇ ಕೆಲಸ ಮಾಡುವವನು, ಅಬಲೂರಿನ ಮನೆತನ. ಇಬ್ಬರೂ ಮೆಚ್ಚಿಕೊಂಡದ್ದು, ಹಿರಿಯರು ಒಪ್ಪಿದ್ದು. ಎಲ್ಲ ಸುಸೂತ್ರವಾಗಿದ್ದಾಗ ಹುಡುಗನ ತಂದೆ, ಅಂದರೆ ಅಬಲೂರಿನ ಬೀಗರು, ಚಹದ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

“ಒಂದ ಮಾತು. ನಮ್ಮ ಹಿರಿಮಗನ ಲಗ್ನದ ಕಾರ್ಡಿನ್ಯಾಗ ನಮ್ಮ ಕಾಕಾನ ಹೆಸರು ನನ್ನ ಹೆಸರಿನ ಕೆಳಗ ಬಂತು. ನಾಕ್ ಮನಿಯವರು ಊಟದ ಎಲಿ ಮುಂದಿಂದ ಎದ್ದ ಹೋದ್ರು. ಇವತ್ತಿಗೂ ಮಾತಿಲ್ಲ. ಅದಕ್ಕ ಈ ಸಲ ನಿಮ್ಮ ಕಡಿ ಹಿರಿಯರೆಲ್ಲಾ ಒಪ್ಪಿದ ಕಾರ್ಡು ಶನಿವಾರ ಸಂಜಿ ಐದರೊಳಗ ನನ್ನ ಫೋನಿಗೆ ಬರಬೇಕು. ಬರಲಿಲ್ಲಂದ್ರ ಲಗ್ನ ಮುಂದಿನ ವರ್ಷಕ್ಕ ಹಾಕೋಣು. ಸಿಟ್ಟಾಗಬ್ಯಾಡ್ರಿ.”

ಇಲ್ಲಿ ಮೈಲಾರಲಿಂಗ “ಆಗಲ್ರಿ” ಎಂದು ತಲೆಯಾಡಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಎದೆಯುಬ್ಬಿಸಿದ.

“ಬೀಗರ, ನಮ್ಮ ಕಾರ್ಡು ಮನಷ್ಯಾ ನೋಡಿ ಪಾಸ್ ಮಾಡೂದಲ್ರಿ. ಮಷೀನು ನೋಡಿ ಪಾಸ್ ಮಾಡೂದು. ಯಾರು ಹಿರಿಯರು, ಯಾರು ಕಿರಿಯರು, ಎಲ್ಲಾ ಹುಟ್ಟಿದ ತಾರೀಖು ಹಾಕಿ ಚೆಕ್ ಮಾಡಿಸಿ ಕೊಡ್ತೇನಿ. ಹಸಿರು ಬಂದ ಮ್ಯಾಲ ಮಾತಿಲ್ಲ.”

ಬೀಗರು ಬೆರಗಾದರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಶೀಲಾ ಹಣೆ ಒತ್ತಿಕೊಂಡಳು.

ಗುರುವಾರ, ಶುಕ್ರವಾರ ಕೂತು ಅವನು ಹೊಸ ತಪಾಸಣೆ ಬರೆದ. ಹತ್ತೊಂಬತ್ತು ಸಾಲು. ಕಾರ್ಡಿನಲ್ಲಿ ಹಿರಿಯರ ಹೆಸರು ವಯಸ್ಸಿನ ಪ್ರಕಾರವೇ ಒಬ್ಬರ ಕೆಳಗೊಬ್ಬರು ಬರಬೇಕು, ಯಾರು ಮುಂದೆ ಎಂದು ತಿಳಿಯದಿದ್ದರೆ ತಡೆದು ನಿಲ್ಲಿಸಬೇಕು, ಇದು ಅದರ ಸಾರ. ಮಾದರಿಗೆಂದು ಶೀಲಾಳ ಕಾರ್ಡನ್ನೇ ಕೋಡಿನೊಳಗೆ ಇಟ್ಟ. ಮನೆತನದ ಹನ್ನೊಂದು ಜನ ಹಿರಿಯರ ಆಧಾರ್ ಕಾರ್ಡಿನ ಫೋಟೋ ತರಿಸಿಕೊಂಡು ಒಂದೊಂದೇ ತಾರೀಖು ತುಂಬಿದ. ತುಂಬುತ್ತ ಹೋದಂತೆ ಅವನಿಗೆ ಕಣ್ಣು ಮಂಜಾದ ಹಾಗಾಯಿತು. ಹನ್ನೊಂದು ಜನರಲ್ಲಿ ಒಂಬತ್ತು ಜನ ಹುಟ್ಟಿದ್ದು ಜೂನ್ ಒಂದನೆಯ ತಾರೀಖು. ಆ ಕಾಲದಲ್ಲಿ ಮನೆತನದ ಊರಾದ ಹಿರೇಬೆಂಡಿಗೇರಿಯ ಸೂಲಗಿತ್ತಿಗೆ ವರ್ಷಕ್ಕೆ ಒಂದೇ ದಿನ ಕೆಲಸ ಇದ್ದಿರಬೇಕು.

ಇಸವಿ ಬೇರೆಬೇರೆ ಇದ್ದದ್ದರಿಂದ ಏಳು ಜನ ಹೇಗೋ ಪಾರಾದರು. ಇಬ್ಬರು ಸಿಕ್ಕಿಬಿದ್ದರು. ಫಕ್ಕೀರಪ್ಪ, ಒಂದು ಜೂನ್ ಸಾವಿರದ ಒಂಬೈನೂರ ಐವತ್ತೆರಡು. ಮಾಳಪ್ಪ, ಒಂದು ಜೂನ್ ಸಾವಿರದ ಒಂಬೈನೂರ ಐವತ್ತೆರಡು. ಇಬ್ಬರೂ ಅವನ ತೀರಿಹೋದ ತಂದೆಯ ಕಾಕಂದಿರ ಮಕ್ಕಳು, ಅವನಿಗೆ ದೊಡ್ಡಪ್ಪಂದಿರು. ಪರದೆ ಕೆಂಪಾಯಿತು.

“ಅಣ್ಣಾರ, ಚೆಕ್ಕಿನ್ಯಾಗ ಖರೇ ಮಂದೀನ ಯಾಕ ಹಾಕಿದ್ರಿ?” ಶನಿವಾರ ಬೆಳಿಗ್ಗೆ ಸುಮೇರಾ ನೋಡಿ ಹೇಳಿದಳು. “ಸುಳ್ಳು ಹೆಸರು, ಸುಳ್ಳು ತಾರೀಖು ಹಾಕ್ರಿ. ಇಲ್ಲಾಂದ್ರ ಆ ನಿಯಮಾನ ತಗದ ಬಿಡ್ರಿ.”

“ಬೀಗರ ಮುಂದ ಹೇಳಿ ಬಂದೇನಿ ತಂಗಿ. ಖರೇದ ಬೇಕು.”

ನೇತ್ರಾ ತನ್ನ ಕುರ್ಚಿಯಿಂದಲೇ ಗಡಿಯಾರ ತೋರಿಸಿದಳು. “ಮೈಲಾರಣ್ಣಾರ, ಐದು ಹೊಡಿಯೂದ್ರೊಳಗ ನಾ ಸಾಫ್ಟ್‌ವೇರಿನ ಹೊಸಾ ಆವೃತ್ತಿ ಮಂದಿಗೆ ಬಿಡ್ತೇನಿ. ಅಷ್ಟರಾಗ ಹಸಿರಾತಂದ್ರ ಶೀಲಾನ ಕಾರ್ಡು ಅದರಾಗ ಹೊಕ್ಕೈತಿ. ಇಲ್ಲಾಂದ್ರ ಸೋಮವಾರನ.”

ಸೋಮವಾರ ಎಂದರೆ ಮುಂದಿನ ವರ್ಷ. ಮೈಲಾರಲಿಂಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಹತ್ತೂವರೆಗೆ ಶಿಗ್ಗಾವಿ ದಾಟಿ ಹಿರೇಬೆಂಡಿಗೇರಿಯ ಕಟ್ಟೆಯ ಮುಂದೆ ಬಸ್ಸಿನಿಂದ ಇಳಿದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಫಕ್ಕೀರಪ್ಪ ಪಡಸಾಲೆಯಲ್ಲಿ ಕೂತು ಚಹ ಕುಡಿಯುತ್ತಿದ್ದ. ಮನೆತನದ ಯಾವ ಮದುವೆಯಲ್ಲೂ ಗೌರವದ ಮೊದಲ ರುಮಾಲು ಸುತ್ತಿಸಿಕೊಳ್ಳುವವನು ಅವನೇ. ಎರಡನೆಯದು ಪಕ್ಕದ ಮನೆಯ ಮಾಳಪ್ಪನಿಗೆ. ಯಾಕೆ ಹಾಗೆ ಎಂದು ಯಾರೂ ಕೇಳಿದವರಿಲ್ಲ. ಎರಡು ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ ಮಾತ್ರ ಇತ್ತು.

“ದೊಡ್ಡಪ್ಪಾರ, ಒಂದು ಸಣ್ಣ ಮಾತ್ರಿ. ನೀವು ಖರೇ ಹುಟ್ಟಿದ್ದು ಯಾವಾಗ?”

“ಹುಟ್ಟಿದ್ದಂತೂ ಖರೇನ ಐತಿ. ಯಾವಾಗ ಅಂತ ಈಗ್ಯಾಕ ಬೇಕು?”

“ನಿಮ್ಮದು, ಮಾಳಪ್ಪ ದೊಡ್ಡಪ್ಪಾರದು ಒಂದ ತಾರೀಖು ಐತ್ರಿ. ಇಬ್ಬರಾಗ ದೊಡ್ಡಾವರು ಯಾರಂತ ಮಷೀನಿಗೆ ತಿಳೀವಲ್ದು.”

ಬಟ್ಟಲು ಫಕ್ಕೀರಪ್ಪನ ತುಟಿಯ ಹತ್ತಿರವೇ ನಿಂತಿತು. ಅವನು ಉತ್ತರ ಕೊಡುವ ಮೊದಲೇ ಗೋಡೆಯಾಚೆ ಏನೋ ಉರುಳಿದ ಸದ್ದಾಯಿತು. ಬಸ್ಸಿನ ಹಾರ್ನ್ ಕೇಳಿಸದ ಮಾಳಪ್ಪನ ಕಿವಿಗೆ ಈ ಮಾತು ಒಂದಕ್ಷರ ಬಿಡದೆ ಕೇಳಿಸಿತ್ತು. ಗೋಡೆಯ ಮೇಲೆ ಮೊದಲು ಅವನ ಟೊಪ್ಪಿಗೆ, ಆಮೇಲೆ ಮೀಸೆ ಕಾಣಿಸಿಕೊಂಡವು.

“ಏನಂದಿ ತಮ್ಮಾ? ಇನ್ನೊಮ್ಮೆ ಅನ್ನು.”

“ಏನಿಲ್ರಿ, ಸುಮ್ನ…”

“ಸುಮ್ನ ಹೆಂಗಾತು? ಎಪ್ಪತ್ತು ವರ್ಷ ಆತು, ಇದನ್ನ ಯಾರರ ಕೇಳ್ತಾರೇನಂತ ದಾರಿ ನೋಡಾಕತ್ತೇನಿ! ನಾನ ದೊಡ್ಡಾವ. ಬರಕೋ. ಮಷೀನಿಗೆ ಹೇಳು.”

“ಹುಚ್ಚ ಹಿಡದೈತೇನ ಇವಗ?” ಫಕ್ಕೀರಪ್ಪ ಎದ್ದು ನಿಂತ. “ಊರಾಗ ಯಾರನ್ನರ ಕೇಳು. ಮೊದಲ ರುಮಾಲು ಯಾರಿಗೆ?”

“ನೀ ದಪ್ಪ ಅದಿ ಅಂತ ಸುತ್ತಿದ್ರು. ವಯಸ್ಸು ನೋಡಿ ಅಲ್ಲ!”

ಮೈಲಾರಲಿಂಗ ನಡುವೆ ನಿಂತು ಕೈಜೋಡಿಸಿದ. ಅವನ ಹಿಂದೆ ಆಗಲೇ ಬೀದಿ ತುಂಬಿತ್ತು. ಹೆಗಲಲ್ಲಿ ಚೀಲ, ಚೀಲದಲ್ಲಿ ಲ್ಯಾಪ್‌ಟಾಪು, ಮುದುಕರ ಹುಟ್ಟಿದ ತಾರೀಖು ಕೇಳುತ್ತಿರುವ ಮನುಷ್ಯ. ಊರಿಗೆ ಅರ್ಥ ಮಾಡಿಕೊಳ್ಳಲು ಇಷ್ಟು ಸಾಕಾಯಿತು. ಮುದುಕರ ಪಗಾರ, ಅಂದರೆ ಸರಕಾರ ತಿಂಗಳು ತಿಂಗಳು ಕೊಡುವ ವೃದ್ಧಾಪ್ಯ ವೇತನ, ಅದನ್ನು ಕಡಿಯಲು ಸಾಹೇಬರು ಬಂದಿದ್ದಾರೆಂದು ಸುದ್ದಿ ಹಬ್ಬಿತು. ಹತ್ತು ನಿಮಿಷದಲ್ಲಿ ಹಿರೇಬೆಂಡಿಗೇರಿಯಲ್ಲಿ ಅರವತ್ತು ದಾಟಿದವರೆಲ್ಲ ಪಡಸಾಲೆಯ ಮುಂದೆ ಸೇರಿದರು. ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ಓಡಾಡಿದವರು ಇವತ್ತು ಕೋಲು ಹಿಡಿದು ಬಂದಿದ್ದರು.

“ಸಾಹೇಬ್ರ, ನನಗ ಎಂಬತ್ತು ದಾಟೇತ್ರಿ. ಹಲ್ಲು ನೋಡ್ರಿ,” ಎಂದು ಒಬ್ಬ ಬಾಯಿ ತೆರೆದು ಅವನ ಮೂಗಿನ ಹತ್ತಿರ ತಂದ. ನೋಡಲು ಹಲ್ಲುಗಳಿರಲಿಲ್ಲ, ಅದೇ ಅವನ ಪುರಾವೆ.

“ನನ್ನ ಕಣ್ಣಿಂದು ಆಪರೇಶನ್ ಆಗೇತಿ ಬೇಟಾ, ಎರಡೂ ಕಣ್ಣಿಂದು,” ಎಂದು ರೋಶನಬಿ ಎಂಬ ಅಜ್ಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. “ಬರಕೋ, ಮತ್ತ ಮರತೀಯಾ.”

“ಯವ್ವಾ, ನಾ ಪಗಾರದವ ಅಲ್ರಿ! ಲಗ್ನದ ಕಾರ್ಡು ಮಾಡಾಕ ಬಂದೇನಿ!”

ಹಲ್ಲಿಲ್ಲದವನು ಅನುಮಾನದಿಂದ ನೋಡಿದ. “ಲಗ್ನದ ಕಾರ್ಡಿಗೆ ನಮ್ಮ ವಯಸ್ಸ ಯಾಕಪಾ? ಮದುಮಗ ಯಾರು ಹಂಗಾರ?”

ಜನ ನಂಬಲಿಲ್ಲ. ಅಷ್ಟರಲ್ಲಿ ಸುದ್ದಿ ತಲಾಟಿಯವರಿಗೆ ಮುಟ್ಟಿತು. ಸರಕಾರ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಿಸಿದರೂ ಊರು ಇನ್ನೂ ತಲಾಟಿ ಎಂದೇ ಕರೆಯುವ ಕಂದಾಯದ ಅಧಿಕಾರಿ ಅವರು. ಮೋಟರ್‌ಸೈಕಲ್ಲಿನಿಂದ ಇಳಿಯುತ್ತಲೇ ಕೇಳಿದರು.

“ಯಾವ ಇಲಾಖಿ ನಿಮ್ಮದು?”

“ಇಲಾಖಿ ಇಲ್ರಿ. ಲಗ್ನ.”

“ಆದೇಶದ ಪ್ರತಿ ಎಲ್ಲೈತಿ?”

“ಆದೇಶ ಬೀಗರದು ರೀ. ಬಾಯಿಂದ ಹೇಳ್ಯಾರ.”

ತಲಾಟಿ ಲ್ಯಾಪ್‌ಟಾಪ್ ತೆರೆಸಿದರು. ಕೆಂಪು ಅಕ್ಷರ ನೋಡಿ ಅವರೂ ಒಂದು ಹೆಜ್ಜೆ ಹಿಂದೆ ಸರಿದರು. ಯಾವುದೇ ಪರದೆಯಲ್ಲಿ ಕೆಂಪು ಕಂಡರೆ ಮೇಲಿನವರಿಗೆ ಉತ್ತರ ಬರೆಯಬೇಕಾಗುತ್ತದೆ ಎಂಬುದು ಅವರ ಅನುಭವ. ಮೈಲಾರಲಿಂಗ ಮೊದಲಿನಿಂದ ಎಲ್ಲವನ್ನೂ ಹೇಳಿದ. ಹೇಳುವಾಗ ಅವನಿಗೇ ಅದು ಪೂರ್ತಿ ಅರ್ಥವಾಗಲಿಲ್ಲ.

“ವಯಸ್ಸಿಗೆ ಶಾಲಿ ರಜಿಸ್ಟರ ಆಧಾರ,” ಎಂದು ತಲಾಟಿ ತೀರ್ಪು ಕೊಟ್ಟರು. “ನಡೀರಿ, ಅದರಾಗ ಏನೈತಿ ಅದ ಖರೇ.”

ಊರಿಗೆ ಊರೇ ಶಾಲೆಗೆ ನಡೆಯಿತು. ಮುಂದೆ ತಲಾಟಿ, ಅವರ ಹಿಂದೆ ಒಬ್ಬರ ಮುಖ ಒಬ್ಬರು ನೋಡದೆ ಫಕ್ಕೀರಪ್ಪ, ಮಾಳಪ್ಪ. ಅವರ ಹಿಂದೆ ಕೋಲುಗಳ ಒಂದು ದಂಡು. ಶನಿವಾರದ ಶಾಲೆ ಬಿಟ್ಟು ಬೀಗ ಹಾಕುತ್ತಿದ್ದ ಮುಸ್ತಾಕ ಮಾಸ್ತರರು ಈ ಮೆರವಣಿಗೆ ನೋಡಿ ಬಿಸಿಯೂಟದ ತಕರಾರೆಂದೇ ತಿಳಿದು, “ಇವತ್ತ ಸಾರು ಛಲೋ ಇತ್ರಿ!” ಎಂದು ಕೂಗಿಬಿಟ್ಟರು.

ಹಳೆಯ ರಜಿಸ್ಟರು ಕಪಾಟಿನ ತಳದಲ್ಲಿತ್ತು. ಮಾಸ್ತರರು ಧೂಳು ಒರೆಸಿ ಓದಿದರು. ಇಬ್ಬರ ಹೆಸರೂ ಒಂದರ ಪಕ್ಕ ಒಂದು, ಒಂದೇ ಶಾಯಿ, ಒಂದೇ ಕೈ. ಪುಟ ತಿರುವಿದರು. ಆ ಪುಟದಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದ್ದರು. ಹಿಂದಿನ ಪುಟದಲ್ಲೂ ಅಷ್ಟೇ.

“ಆಗಿನ ಗುರುಗಳು ತಾರೀಖು ಎಲ್ಲಿ ಕೇಳ್ತಿದ್ರು?” ಎಂದರು ಮುಸ್ತಾಕ ಮಾಸ್ತರರು. “ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟು ಅಂತಿದ್ರು. ಮುಟ್ಟಿದ್ರ ಆರು ವರ್ಷ ಆತಂತ ಲೆಕ್ಕ. ಶಾಲಿ ಶುರು ಆಗೂ ದಿನಾನ ಹುಟ್ಟಿದ ದಿನಾ.”

“ಹಂಗಾರ ಮೊದಲ ನಾ ಮುಟ್ಟಿದ್ದು!” ಎಂದ ಫಕ್ಕೀರಪ್ಪ.

“ನಿನ್ನ ಕೈ ಉದ್ದ, ಅದಕ್ಕ ಮುಟ್ಟಿತು! ನನ್ನ ಕೈ ಗಿಡ್ಡ. ನಾ ಎಂಟು ವರ್ಷದಾವಿದ್ನಿ, ಕೈ ಆರು ವರ್ಷದ್ದಿತ್ತು!”

ಇಬ್ಬರೂ ಅಲ್ಲೇ ಮುಟ್ಟಿ ತೋರಿಸಲು ಹೊರಟರು. ಫಕ್ಕೀರಪ್ಪನ ಕೈ ರುಮಾಲಿನವರೆಗೆ ಹೋಗುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಮಾಳಪ್ಪನದು ಹಣೆಗೇ ನಿಂತಿತು. ಎಪ್ಪತ್ಮೂರರ ಇಬ್ಬರೂ ಕೈ ಮೇಲೆತ್ತಿಕೊಂಡು, ಕೆಳಗಿಳಿಸಲಾಗದೆ, ಮಾಸ್ತರರ ಸಹಾಯ ಬೇಡುತ್ತ ನಿಂತರು. ಈ ಲೆಕ್ಕದಲ್ಲಿ ಇಬ್ಬರೂ ಇನ್ನೂ ಶಾಲೆಗೆ ಸೇರುವ ವಯಸ್ಸಿಗೆ ಬಂದಿರಲಿಲ್ಲ.

ಮೈಲಾರಲಿಂಗನಿಗೆ ನಗು ಬರಲಿಲ್ಲ. ಗಂಟೆ ಒಂದೂವರೆ. ಫೋನು ನಡುಗಿತು, ಬೀಗರು.

“ಮೈಲಾರಲಿಂಗಪ್ಪಾರ, ಹಸಿರಾತೇನ್ರಿ?”

“ಆಗಾಕತ್ತೈತ್ರಿ, ಆಗಾಕತ್ತೈತಿ.”

“ಹಿಂದ ಜಗಳದ ಸಪ್ಪಳ ಕೇಳಸಾಕತ್ತೈತಲ್ಲ?”

“ಅದು ಮಷೀನಿನ ಸಪ್ಪಳರಿ,” ಎಂದು ಫೋನಿಟ್ಟ. ಕೂಡಲೇ ಶೀಲಾ ಕರೆದಳು.

“ಅಪ್ಪಾ, ಏನ್ ನಡಸೀರಿ ಅಲ್ಲಿ? ಮಾಳಪ್ಪಜ್ಜ ಲಗ್ನಕ್ಕ ಬರಂಗಿಲ್ಲ ಅಂತ ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ಯಾನ. ಫಕ್ಕೀರಜ್ಜ, ಅವ ಬಂದ್ರ ನಾ ಬರಂಗಿಲ್ಲ ಅಂತ ಹಾಕ್ಯಾನ. ನಾ ಮದುವಿ ಆಗಬೇಕೋ ಬ್ಯಾಡೋ?” ಅವಳ ದನಿ ಒಡೆಯಿತು. ತಾನು ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಈ ಹೊತ್ತಿಗೆ ಕಾರ್ಡು ಬೀಗರ ಕೈಯಲ್ಲಿರುತ್ತಿತ್ತು, ಮಗಳು ನಗುತ್ತಿದ್ದಳು.

ಮುಸ್ತಾಕ ಮಾಸ್ತರರು ರಜಿಸ್ಟರು ಮುಚ್ಚುತ್ತ ಮೆಲ್ಲಗೆ ಕೇಳಿದರು. “ಇವರಿಬ್ಬರು ಹುಟ್ಟಿದಾಗ ಆ ಮನ್ಯಾಗ ಬುದ್ಧಿ ತಿಳದವರು ಇದ್ದಿರಬೇಕಲ್ಲ? ಅಂಥವರು ಯಾರರ ಈಗ ಅದಾರೇನು?”

ಇಬ್ಬರು ಮುದುಕರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಸರೋಜಕ್ಕ,” ಎಂದ ಮಾಳಪ್ಪ.

“ಸವಣೂರಾಗ ಅದಾಳ,” ಎಂದ ಫಕ್ಕೀರಪ್ಪ.

ಸರೋಜವ್ವ ಎಂದರೆ ಮೈಲಾರಲಿಂಗನ ಸ್ವಂತ ಅತ್ತೆ, ಅವನ ತಂದೆಯ ಅಕ್ಕ. ಒಂದೇ ದೊಡ್ಡ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳೆಲ್ಲ ಕೂಡಿ ಬೆಳೆದ ಕಾಲದಲ್ಲಿ ಅವಳೇ ಎಲ್ಲರಿಗಿಂತ ಮೊದಲಿನವಳು. ಸವಣೂರಿನ ಎಲೆಬಳ್ಳಿ ತೋಟದವರ ಮನೆಗೆ ಕೊಟ್ಟು ಅರವತ್ತು ವರ್ಷದ ಮೇಲಾಗಿತ್ತು. ಅವಳನ್ನು ಕೇಳಬೇಕೆಂದು ಬೆಳಗಿನಿಂದ ಒಬ್ಬರಿಗೂ ಹೊಳೆದಿರಲಿಲ್ಲ. ಅವಳ ಹತ್ತಿರ ಫೋನೂ ಇರಲಿಲ್ಲ.

ಮೂರು ಗಾಲಿಯ ಟಂಟಂ ಗಾಡಿಯೊಂದು ಸಿಗುವಷ್ಟರಲ್ಲಿ ಎರಡೂವರೆಯಾಯಿತು, ಅದರಲ್ಲಿ ಮೂವರೂ ಹೊರಟರು. ಮುದುಕರು ಆಚೆಗೊಬ್ಬ ಈಚೆಗೊಬ್ಬ, ನಡುವೆ ಮೈಲಾರಲಿಂಗ, ಅವನ ತೊಡೆಯ ಮೇಲೆ ಲ್ಯಾಪ್‌ಟಾಪು. ಗಾಡಿ ಕುಣಿಗೆ ಬಿದ್ದಾಗಲೆಲ್ಲ ಇಬ್ಬರು ದೊಡ್ಡಪ್ಪಂದಿರ ಭುಜಗಳು ಅವನನ್ನು ಎರಡೂ ಕಡೆಯಿಂದ ಒತ್ತುತ್ತಿದ್ದವು. ಸವಣೂರಿಗೆ ಮುಟ್ಟಿದಾಗ ನಾಲ್ಕು ಹೊಡೆದಿತ್ತು.

ಸರೋಜವ್ವ ಪಡಸಾಲೆಯಲ್ಲಿ ಒದ್ದೆ ಗೋಣಿಯ ಮೇಲೆ ಕೂತು ವೀಳ್ಯದೆಲೆ ಆರಿಸುತ್ತಿದ್ದಳು. ಹರಿದದ್ದು ಈ ಕಡೆ, ಒಳ್ಳೆಯದು ಆ ಕಡೆ. ಹೊಸ್ತಿಲಲ್ಲಿ ಫಕ್ಕೀರಪ್ಪ, ಮಾಳಪ್ಪ ಇಬ್ಬರನ್ನೂ ಒಟ್ಟಿಗೆ ಕಂಡವಳ ಕೈ ನಿಂತಿತು.

“ಇಬ್ಬರೂ ಕೂಡಿ ಬಂದೀರಿ,” ಎಂದಳು. “ಯಾರು ತೀರಿಕೊಂಡ್ರು?”

“ಯಾರೂ ಇಲ್ಲಬೇ ಅಕ್ಕಾ,” ಎಂದ ಮಾಳಪ್ಪ. “ನಮ್ಮಿಬ್ಬರಾಗ ದೊಡ್ಡಾವ ಯಾರಂತ ಕೇಳಾಕ ಬಂದೇವಿ.”

ಮೈಲಾರಲಿಂಗ ಅವಸರದಲ್ಲಿ ಎಲ್ಲ ಹೇಳಿದ. ಬೀಗರು, ಐದು ಗಂಟೆ, ಚೆಕ್ಕು, ಕೆಂಪು, ಜೂನ್ ಒಂದು. ಸರೋಜವ್ವ ಎಲೆ ಆರಿಸುತ್ತಲೇ ಕೇಳಿದಳು. ಹೇಳಿ ಮುಗಿಸಿದಾಗ ನಾಲ್ಕೂಕಾಲು.

“ಕಾರ್ಡಿನ್ಯಾಗ ಹಿರಿಯರಂತ ಯಾರ್‍ಯಾರನ್ನ ಬರದಿ? ಓದು.”

ಅವನು ಓದಿದ. ಹನ್ನೊಂದು ಹೆಸರು. ಓದುವಾಗ ಸರೋಜವ್ವ ಬೆರಳು ಮಡಿಸುತ್ತ ಹೋದಳು.

“ಮುಗೀತೇನು?”

“ಮುಗೀತ್ರಿ ಅತ್ತಿ.”

“ನಾ ಎಲ್ಲಿ ಅದೇನಿ?”

ಮೈಲಾರಲಿಂಗ ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ನೋಡಿದ. “ಕೊಟ್ಟ ಹೆಣ್ಮಕ್ಕಳ ಹೆಸರು ಹಾಕೂ ಪದ್ಧತಿ ಇಲ್ಲಲ್ರಿ ಅತ್ತಿ… ಇಪ್ಪತ್ತು ವರ್ಷ ಹಂಗ ಟೈಪ್ ಮಾಡೇನಿ…”

“ಇದು ತಪ್ಪ ಹಿಡಿಯೂ ಮಷೀನು ಅಂದಿ. ಈ ತಪ್ಪ ಹಿಡೀಲಿಲ್ಲೇನು?”

ಅವಳು ಸಿಟ್ಟಿನಿಂದ ಕೇಳಲಿಲ್ಲ. ಎಲೆಯ ದರ ಕೇಳಿದ ಹಾಗೆ ಕೇಳಿದಳು. ಅದಕ್ಕೇ ಮೈಲಾರಲಿಂಗನಿಗೆ ತಲೆ ಎತ್ತಲಾಗಲಿಲ್ಲ. ಶೀಲಾ ಹುಟ್ಟಿದಾಗ ತಿಂಗಳೊಪ್ಪತ್ತು ಬಂದು ನಿಂತು ಬಾಣಂತನ ಮಾಡಿದವಳು ಈ ಅತ್ತೆ. ಅವಳ ಹೆಸರು ಬಿಟ್ಟಿರುವುದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವನು ಲ್ಯಾಪ್‌ಟಾಪ್ ತೆರೆದು, ಎಲ್ಲಕ್ಕಿಂತ ಮೇಲೆ ‘ಸರೋಜವ್ವ’ ಎಂದು ಬರೆದ.

“ಅತ್ತಿ, ನಿಮ್ಮ ಆಧಾರಿನ್ಯಾಗ ಹುಟ್ಟಿದ್ದು ಯಾವಾಗ ಐತಿ?”

“ನಾ ಎಲ್ಲಿ ಶಾಲಿಗೆ ಹೋಗೇನಿ ತಮ್ಮಾ. ಫೋಟೋ ತಗಿಯಾವ ಮುಖಾ ನೋಡಿ ತಾನ ಬರಕೊಂಡ.” ಕಾರ್ಡು ತಂದು ತೋರಿಸಿದಳು. ಅದರ ಪ್ರಕಾರ ಅವಳು ಹುಟ್ಟಿದ್ದು ಅರವತ್ತೊಂದರಲ್ಲಿ, ತಾನು ಕಂಕುಳಲ್ಲಿ ಹೊತ್ತು ತಿರುಗಿದ ಇಬ್ಬರಿಗಿಂತ ಒಂಬತ್ತು ವರ್ಷ ತಡವಾಗಿ.

ಅವನು ತುಂಬಿದ, ಗುಂಡಿ ಒತ್ತಿದ. ಕೆಂಪು. ಈ ಸಲ ಎರಡೆರಡು ಕಡೆ ಕೆಂಪು. ಹನ್ನೆರಡು ಜನರಲ್ಲಿ ಅತ್ಯಂತ ಕಿರಿಯಳನ್ನು ಮೇಲೆ ಬರೆದಿದ್ದೀರಿ ಎಂದು ಅವನೇ ಬರೆದ ಚೆಕ್ಕು ಅವನಿಗೇ ತಿಳಿಹೇಳುತ್ತಿತ್ತು. ನಾಲ್ಕೂ ಮೂವತ್ತೈದು. ಸುಮೇರಾಗೆ ಫೋನ್ ಮಾಡಿದ.

“ತಂಗಿ, ಆಧಾರ ಬ್ಯಾರೆ ಹೇಳಾಕತ್ತೈತಿ, ಅತ್ತಿ ಬ್ಯಾರೆ ಹೇಳಾಕತ್ತಾರ. ಮಷೀನು ಆಧಾರನ ನಂಬತೈತಿ. ಆ ದಾಟಿ ಹೋಗೂ ಮಾತು ಯಾವುದಂದಿ?”

“ಅದು ಬ್ಯಾಡ್ರಿ ಅಣ್ಣಾರ. ಚೆಕ್ ತಪ್ಪಿಸಿ ಹೋಗಬ್ಯಾಡ್ರಿ, ಚೆಕ್ಕಿನ್ಯಾಗಿನ ತಪ್ಪನ ತಗೀರಿ. ಆ ನಿಯಮ ನೀವ ಬರದದ್ದಲ್ಲ?”

ನೀವೇ ಬರೆದದ್ದು. ಅಷ್ಟು ದಿನ ಆ ಪರದೆಯ ಹಿಂದೆ ಯಾರೋ ದೊಡ್ಡ ಸಾಹೇಬರು ಕೂತಿದ್ದಾರೆ ಎಂಬಂತೆ ಅವನು ಬಾಗಿ ನಿಂತಿದ್ದ. ಹತ್ತೊಂಬತ್ತು ಸಾಲುಗಳಲ್ಲಿ ಹದಿನೆಂಟನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅಳಿಸಿದ. ಪ್ರತಿಯೊಂದು ಸಾಲೂ ಹೋಗುವಾಗ ಅವನಿಗೆ ಒಂದಿಷ್ಟು ಸಂಕಟವಾಯಿತು, ಸುಳ್ಳು ಯಾಕೆ ಹೇಳಬೇಕು. ಹೆಸರು ಖಾಲಿ ಇದ್ದರೆ ತಡೆ, ಎಂಬ ಒಂದನ್ನು ಮಾತ್ರ ಉಳಿಸಿದ.

“ಅತ್ತಿ, ನಿಮ್ಮ ಕೆಳಗ ಯಾರನ್ನ ಬರೀಲ್ರಿ?”

“ಇಬ್ಬರನೂ ಒಂದ ಸಾಲಿನ್ಯಾಗ ಬರಿ.”

“ಎಡಕ್ಕ ಯಾರ ಹೆಸರು?” ಎಂದು ಫಕ್ಕೀರಪ್ಪ ಬಾಯಿ ಹಾಕಿದ. ಸರೋಜವ್ವ ಒಂದು ಸಲ ಅವನ ಕಡೆ ನೋಡಿದಳು, ಅಷ್ಟೇ. ಎಪ್ಪತ್ಮೂರರ ಮನುಷ್ಯ ಕಾಲು ಮಡಿಸಿ ಗೋಡೆಗೆ ಒರಗಿ ಕೂತ. ಮಾಳಪ್ಪ ಮೊದಲೇ ಕೂತಿದ್ದ.

“ಒಪ್ಪಿಗಿ ಐತೇನ್ರಿ ಇಬ್ಬರದೂ?” ಮೈಲಾರಲಿಂಗ ಉಸಿರು ಹಿಡಿದು ಕೇಳಿದ.

“ಅಕ್ಕ ಮ್ಯಾಲ ಇದ್ದ ಮ್ಯಾಲ ನಮ್ಮದೇನೈತಿ, ಬರಿ,” ಎಂದ ಮಾಳಪ್ಪ. ಫಕ್ಕೀರಪ್ಪ ಮೀಸೆ ಸವರಿಕೊಂಡು ತಲೆಯಾಡಿಸಿದ.

ಕಮಿಟ್ ಮಾಡುವಾಗ ಏನು ಬದಲಿಸಿದ್ದೇನೆ ಎಂದು ಒಂದು ಸಾಲು ಬರೆಯಬೇಕು, ಅದು ನಿಯಮ. ಮೈಲಾರಲಿಂಗ ‘ಅತ್ತಿನ್ನ ಕೇಳಿದೆ’ ಎಂದು ಬರೆದು ಗುಂಡಿ ಒತ್ತಿದ. ಪರದೆ ಒಂದು ಕ್ಷಣ ಯೋಚಿಸಿ ಹಸಿರಾಯಿತು. ನಾಲ್ಕೂ ಐವತ್ತೆರಡು. ಐದಕ್ಕೆ ಎರಡು ನಿಮಿಷ ಇರುವಾಗ ನೇತ್ರಾ ಹೊಸದನ್ನು ಬಿಟ್ಟಳು, ಕಾರ್ಡು ಬೀಗರ ಫೋನಿಗೆ ಹೋಯಿತು. ಐದೂ ಮೂರಕ್ಕೆ ಬೀಗರ ಕರೆ ಬಂತು. ಮೈಲಾರಲಿಂಗ ಎದ್ದು ನಿಂತು ಫೋನ್ ಎತ್ತಿದ.

“ಮೊದಲ ಹೆಸರು ಹೆಣ್ಮಗಳದು ಬಂದೈತಲ್ರಿ?”

“ಹೌದ್ರಿ. ನಮ್ಮ ಮನಿತನದಾಗ ಅವರ ದೊಡ್ಡಾವರು.”

“ಮಷೀನು ಪಾಸ್ ಮಾಡೇತೇನು?”

“ಮಷೀನೂ ಮಾಡೇತ್ರಿ,” ಎಂದ.

“ಆತು ಬಿಡ್ರಿ. ಮುಂದಿನ ವಾರದಿಂದ ಹಂಚತೇವಿ. ನಮ್ಮ ಕಡಿಂದೂ ಇಬ್ಬರು ಅಕ್ಕಗಳ ಹೆಸರು ಸೇರಸೂದೈತಿ, ಆಮ್ಯಾಲ ಕಳಸ್ತೇನಿ,” ಎಂದು ಬೀಗರು ಫೋನಿಟ್ಟರು. ಮೈಲಾರಲಿಂಗ ಕೂಡಲೇ ಶೀಲಾಗೆ ಫೋನ್ ಮಾಡಿ ಬೀಗರು ಒಪ್ಪಿದರೆಂದು ಹೇಳಿದ.

ಸರೋಜವ್ವನಿಗೆ ಓದು ಬರುತ್ತಿರಲಿಲ್ಲ. ಕಾರ್ಡು ತೆರೆದಿದ್ದ ಮೈಲಾರಲಿಂಗನ ಫೋನನ್ನು ದೂರ ಹಿಡಿದು, ಯಾವ ಅಕ್ಷರ ತನ್ನದೆಂದು ಕೇಳಿ, ಅದರ ಮೇಲೆ ಬೆರಳಿಟ್ಟಳು. ಹಸಿ ಎಲೆಯ ನೀರು ಗಾಜಿಗೆ ಅಂಟಿತು. ಅವಳು ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು.

“ಆತಲ್ಲ ಅಕ್ಕಾ, ಕಾರ್ಡಂತೂ ಹೋತು,” ಎಂದ ಮಾಳಪ್ಪ. “ಈಗರ ಹೇಳಬೇ. ಬರೀ ನಮಗ ಅಷ್ಟ. ಯಾರು ದೊಡ್ಡಾವ?”

“ಹೌದು, ಹೇಳಿಬಿಡು,” ಎಂದ ಫಕ್ಕೀರಪ್ಪ. “ನಿನಗ ಗೊತ್ತೈತೋ ಇಲ್ಲೋ?”

“ಗೊತ್ತಿಲ್ಲದ ಏನು? ಒಬ್ಬ ಹುಟ್ಟಿದ ದಿನಾನೂ ನೆನಪೈತಿ, ಇನ್ನೊಬ್ಬ ಹುಟ್ಟಿದ ದಿನಾನೂ ನೆನಪೈತಿ. ಎರಡೂ ದಿನ ನೀರು ಕಾಸಿದಾಕಿ ನಾ.” ಸರೋಜವ್ವ ಹೊಸ ಎಲೆಯ ಕಟ್ಟು ಬಿಚ್ಚಿ ಮುಂದೆ ಹರಡಿಕೊಂಡಳು. “ನೀವಿಬ್ಬರೂ ಈ ಹೊಸ್ತಿಲಾ ತುಳದು ಒಂಬತ್ತು ವರ್ಷ ಆತು. ಈಗ ಹೇಳಿಬಿಟ್ರ ಮತ್ತ ಯಾಕ ಬರ್ತೀರಿ?”

ಹೊರಗೆ ಟಂಟಂನವನು ಹೊತ್ತಾಯಿತೆಂದು ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ. ಫಕ್ಕೀರಪ್ಪ ಒಂದು ಮುಷ್ಟಿ ಎಲೆ ತನ್ನ ಕಡೆಗೆ ಎಳೆದುಕೊಂಡು ಹರಿದದ್ದನ್ನು ಬೇರೆ ಮಾಡತೊಡಗಿದ. ಮಾಳಪ್ಪನೂ ಹತ್ತಿರ ಸರಿದು ಕೂತ.